ತೊರೆಯ ಆಚೆ ಈಚೆ

ಮಕ್ಕಳೇ, ಕಡಲಾಚೆ ಬಹಳ ದೂರದಲ್ಲಿ ಒಂದು ದೊಡ್ಡ ನಾಡಿತ್ತು. ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲುಗಾವಲು. ಅಲ್ಲಿ ಮೇಯುತ್ತಿದ್ದವರು ಕಾಂಗರೂಗಳು. ಕುರಿ ಹೇಗಿರುತ್ತದೆ, ಹಸು ಹೇಗಿರುತ್ತದೆ ಎಂದು ಆ ನಾಡಿನಲ್ಲಿ ಯಾರೂ ಕಂಡಿರಲಿಲ್ಲ.

ಒಂದು ದಿನ ಹಡಗಿನಿಂದ ಹೊಸ ಜನ ಇಳಿದರು. ಮನೆ ಕಟ್ಟಿಕೊಂಡು ಅಲ್ಲೇ ನೆಲೆಸುವುದಕ್ಕೆ ಬಂದವರು ಅವರು. ಜೊತೆಯಲ್ಲಿ ಒಂದು ಕುರಿಮಂದೆಯನ್ನೂ ಒಂದಿಷ್ಟು ಹಸುಗಳನ್ನೂ ತಂದಿದ್ದರು. ಕುರಿಗಳಿಗೆ ಸುರುಳಿಕೊಂಬನೆಂಬ ಟಗರು ಹಿರಿಯ. ಹಸುಗಳಿಗೆ ಕೆಂದಿ ಹಿರಿಯಳು. ಹಡಗಿನಲ್ಲಿ ಅವರೆಲ್ಲ ಒಂದೇ ಗೋದಲಿಯಲ್ಲಿ ಒಣಹುಲ್ಲು ತಿಂದು, ಅಲೆ ಎದ್ದಾಗ ಒಬ್ಬರಿಗೊಬ್ಬರು ಒರಗಿ ನಿಂತು ಬಂದಿದ್ದರು.

ಆದರೆ ಹಸಿರು ಕಂಡದ್ದೇ ತಡ, ಸುರುಳಿಕೊಂಬನಿಗೆ ಆಸೆ ಹೆಚ್ಚಿತು.

"ನಿನ್ನ ಹೊಟ್ಟೆ ನೋಡು, ನನ್ನ ಹೊಟ್ಟೆ ನೋಡು, ಕೆಂದಿ. ನಿನ್ನ ಒಂದು ತುತ್ತು ನನಗೆ ಒಂದು ಹೊತ್ತಿನ ಊಟ. ಒಟ್ಟಿಗೆ ಮೇಯ್ದರೆ ನಮ್ಮವರಿಗೆ ಏನು ಉಳಿದೀತು? ನೀವು ತೊರೆಯ ಆಚೆ ಇರಿ. ಈಚೆಗೆ ಕಾಲಿಡಬೇಡಿ," ಎಂದ.

"ಇಷ್ಟೊಂದು ಹುಲ್ಲಿದೆಯಲ್ಲಣ್ಣ," ಎಂದಳು ಕೆಂದಿ.

"ಇರುವಾಗಲೇ ಹಂಚಿಕೊಳ್ಳಬೇಕು. ಮುಗಿದ ಮೇಲೆ ಹಂಚುವುದೇನನ್ನು?"

ಕೆಂದಿಗೆ ಜಗಳವಾಡಿ ಅಭ್ಯಾಸವಿರಲಿಲ್ಲ. ತನ್ನವರನ್ನು ಕರೆದುಕೊಂಡು ತೊರೆ ದಾಟಿದಳು.

ಮರದ ನೆರಳಿನಲ್ಲಿ ಕೂತಿದ್ದ ಕಾಂಗರೂ ಅಜ್ಜಿ ಇದನ್ನೆಲ್ಲ ನೋಡಿದಳು. "ನಿನ್ನೆ ಬಂದವರು ನೀವು, ಇಂದು ನೆಲ ಹಂಚುವವರೂ ನೀವೇ. ಇಲ್ಲಿಯವರನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇನಪ್ಪ?"

"ನೀವು ನೆಗೆದುಕೊಂಡು ಎಲ್ಲಿಗೆ ಬೇಕಾದರೂ ಹೋಗುವವರು ಅಜ್ಜಿ. ನಿಮ್ಮನ್ನೇನು ಕೇಳುವುದು?" ಎಂದ ಟಗರು.

ಮಳೆ ಹುಯ್ಯಿತು. ಈಚೆ ದಡದಲ್ಲಿ ಹುಲ್ಲು ಕುರಿಗಳ ತಲೆಗಿಂತ ಎತ್ತರ ಬೆಳೆಯಿತು. ಕುರಿಗಳದು ಬುಡದ ಎಳೆ ಹುಲ್ಲನ್ನು ಕಚ್ಚಿ ತಿನ್ನುವ ಪುಟ್ಟ ಬಾಯಿ. ಬಲಿತ ಕಡ್ಡಿ ಹಲ್ಲಿಗೆ ಬಗ್ಗಲಿಲ್ಲ. ಹುಲ್ಲಿನ ಚೂಪು ಬೀಜಗಳು ಉಣ್ಣೆಯೊಳಗೆ ನುಗ್ಗಿ ಮೈಯೆಲ್ಲ ಚುಚ್ಚಿದವು. ಮರಿಗಳಿಗೆ ತಾಯಿ ಎಲ್ಲಿದ್ದಾಳೆಂದು ಕಾಣುತ್ತಿರಲಿಲ್ಲ.

ಆಚೆ ದಡದ ಕತೆ ಬೇರೆ. ಹಸುಗಳು ಉದ್ದ ಹುಲ್ಲನ್ನೆಲ್ಲ ನಾಲಿಗೆಯಲ್ಲಿ ಸುತ್ತಿ ಎಳೆದು ತಿಂದು ಮುಗಿಸಿದ್ದವು. ಉಳಿದ ಗಿಡ್ಡ ಹುಲ್ಲು ಆ ದಪ್ಪ ನಾಲಿಗೆಗೆ ಸಿಕ್ಕುತ್ತಿರಲಿಲ್ಲ. ಹಸಿರಿನ ನಡುವೆ ನಿಂತುಕೊಂಡೇ ಎರಡು ಕಡೆಯವರೂ ಬಡಕಲಾದರು.

ಒಂದು ಮುಂಜಾನೆ ಸುರುಳಿಕೊಂಬ ಎಳೆ ಹುಲ್ಲು ಹುಡುಕುತ್ತ ಹೋಗಿ, ಕಾಲು ಜಾರಿ ಒಂದು ತಗ್ಗಿನಲ್ಲಿ ಅಂಗಾತ ಬಿದ್ದ. ಇಬ್ಬನಿ ಕುಡಿದ ಉಣ್ಣೆ ಕಲ್ಲಿನಂತೆ ಭಾರವಾಗಿತ್ತು. ಕಾಲು ಎಷ್ಟು ಬಡಿದರೂ ಮಗ್ಗುಲಾಗಲು ಆಗಲಿಲ್ಲ. ಕೂಗಿದ. ಎತ್ತರದ ಹುಲ್ಲಿನಲ್ಲಿ ಯಾರಿಗೂ ಅವನು ಕಾಣಲಿಲ್ಲ. ಕೂಗು ಕೇಳಿ ಬಂದದ್ದು ಒಂದು ಕಾಡುನಾಯಿ.

ಎತ್ತರಕ್ಕೆ ನೆಗೆಯುತ್ತ ಹೋಗುತ್ತಿದ್ದ ಅಜ್ಜಿಯ ಕಣ್ಣಿಗೆ ಇದು ಬಿತ್ತು. ನೋಡಿಯೂ ನೋಡದಂತೆ ಅವಳು ಹೋಗಬಹುದಿತ್ತು. ಹೋಗಲಿಲ್ಲ. ಒಂದೇ ನೆಗೆತಕ್ಕೆ ತೊರೆ ದಾಟಿ, "ಕೆಂದಿ, ನಿಮ್ಮಣ್ಣ ಬಿದ್ದಿದ್ದಾನೆ. ಕಾಡುನಾಯಿ ಹತ್ತಿರದಲ್ಲೇ ಇದೆ," ಎಂದಳು.

ಕೆಂದಿ ಎರಡನೆಯ ಮಾತು ಕೇಳಲಿಲ್ಲ. ಕೊಂಬು ಬಗ್ಗಿಸಿ ನೀರು ಸೀಳಿಕೊಂಡು ಓಡಿ ಬಂದಳು. ಆ ಆರ್ಭಟಕ್ಕೆ ಕಾಡುನಾಯಿ ಬಾಲ ಮುದುಡಿ ಪರಾರಿಯಾಯಿತು. ಅವಳು ಮೂತಿಯಿಂದ ಟಗರಿನ ಪಕ್ಕೆಗೆ ಒಂದು ತಿವಿತ ಕೊಟ್ಟಳು. ಸುರುಳಿಕೊಂಬ ಉರುಳಿ ಎದ್ದು ನಿಂತ.

"ನಿನ್ನ ಕಡೆ ಕಾಲಿಟ್ಟೆ, ತಪ್ಪಾಯಿತು. ಹೋಗುತ್ತೇನೆ," ಎಂದಳು ಕೆಂದಿ. ಆದರೆ ಹಸಿದವಳ ಬಾಯಿ ಕೇಳಬೇಕಲ್ಲ? ತಿರುಗುವಾಗಲೇ ಒಂದು ಹಿಡಿ ಉದ್ದ ಹುಲ್ಲು ಒಳಗೆ ಹೋಗಿತ್ತು.

ಅವಳು ಕಿತ್ತ ಜಾಗದಲ್ಲಿ, ಬುಡದಲ್ಲಿ, ಎಳೆ ಹುಲ್ಲು ಇಣುಕುತ್ತಿತ್ತು. ಸುರುಳಿಕೊಂಬ ಬಗ್ಗಿ ಕಚ್ಚಿದ. ಎಷ್ಟೋ ದಿನಗಳ ಮೇಲೆ ಬಾಯಿಗೆ ರುಚಿ ಹತ್ತಿತು.

"ಹೋಗಬೇಡ ತಂಗಿ," ಎಂದ ಅವನು, ಬಾಯಿತುಂಬ ಹುಲ್ಲಿಟ್ಟುಕೊಂಡೇ. "ಇನ್ನೂ ಸ್ವಲ್ಪ ತಿನ್ನು. ನಿನ್ನವರನ್ನೂ ಕರೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸುರುಳಿಕೊಂಬ ಅವಳ ಮುಂದೆ ತಲೆ ತಗ್ಗಿಸಿ ನಿಂತ. "ಅವತ್ತೇ ನಿಮ್ಮನ್ನು ಕೇಳಬೇಕಿತ್ತು ಅಜ್ಜಿ. ಈಗ ಕೇಳುತ್ತೇನೆ. ನಾವೆಲ್ಲ ಇಲ್ಲಿ ಇರಬಹುದೇ?"

"ಇರಿ. ಆದರೆ ಒಂದೇ ಕಡೆ ಬೇರುಸಹಿತ ಬೋಳಿಸಬೇಡಿ. ಇಲ್ಲಿಯದು ಅರ್ಧ ತಿಂದು ಮುಂದೆ ನಡೆಯಿರಿ. ಮುಂದಿನ ಮೇವು ಎಲ್ಲಿದೆ, ನೀರು ಎಲ್ಲಿದೆ, ನಾನು ತೋರಿಸುತ್ತೇನೆ."

ಅಂದಿನಿಂದ ಮುಂದೆ ಹಸುಗಳು, ಹಿಂದೆ ಕುರಿಗಳು, ದಾರಿ ತೋರಿಸಲು ಕಾಂಗರೂಗಳು. ಹಸುಗಳ ಕೆಚ್ಚಲು ತುಂಬಿತು, ಕುರಿಗಳ ಉಣ್ಣೆ ಬೆಣ್ಣೆಯಂತೆ ಮೆತ್ತಗಾಯಿತು. ಇದನ್ನು ಕಂಡ ಜನ ಕೂಡ ಎರಡು ಮಂದೆಗಳನ್ನೂ ಒಟ್ಟಿಗೇ ಮೇಯಲು ಬಿಟ್ಟರು. ಕರುಗಳೂ ಕುರಿಮರಿಗಳೂ ಕಾಂಗರೂ ಮರಿಗಳೊಡನೆ ಪಂದ್ಯ ಕಟ್ಟಿ ನೆಗೆದವು, ದಿನವೂ ಸೋತವು, ದಿನವೂ ನಕ್ಕವು.

ಸುರುಳಿಕೊಂಬನಂತೂ ಬೆಳಗಾದರೆ ಸಾಕು, ಕೆಂದಿಯ ಬಳಿ ಹೋಗಿ ಕೂಗುತ್ತಿದ್ದ: "ಏಳು ತಂಗಿ, ಬೇಗ ಊಟಕ್ಕೆ ನಡೆ. ನೀನು ಉಣ್ಣದೆ ನನ್ನ ಹೊಟ್ಟೆ ತುಂಬುವುದಿಲ್ಲ."

ನೀತಿ: ನೆರೆಯವರ ತುತ್ತಿಗೆ ಅಡ್ಡ ನಿಂತವನಿಗೆ ತನ್ನ ತುತ್ತೂ ದಕ್ಕದು, ಕೂಡಿ ಉಂಡರೆ ಎಲ್ಲರ ಹೊಟ್ಟೆಯೂ ತುಂಬುವುದು.