ಪ್ಲೇಟ್‌ಲೆಟ್ ಮುದುಕಿ ಮತ್ತು ಕ್ಯಾನ್ಸರ್ ಕೋಶ

ರಕ್ತದ ಹೊಳೆಯಲ್ಲಿ ಪ್ಲೇಟ್‌ಲೆಟ್ ಮುದುಕಿಯೊಬ್ಬಳಿದ್ದಳು. ಅವಳದು ಹತ್ತೇ ದಿನದ ಆಯಸ್ಸಿನ ಕುಲ. ಅವಳಿಗಾಗಲೇ ಎಂಟು ತುಂಬಿತ್ತು. ಗಾಯ ಕಂಡಲ್ಲಿ ಓಡಿಹೋಗಿ ಅಂಟಿಕೊಂಡು ಮುಚ್ಚುವುದು, ಯಾರು ಏನೆಂದು ವಿಚಾರಿಸದಿರುವುದು ಆ ಮನೆತನದ ರೂಢಿ.

ಒಂದು ದಿನ ನಾಳದ ಗೋಡೆ ಕೊರೆದುಕೊಂಡು ಕರುಳಿನ ಕೋಶವೊಂದು ಒಳಗೆ ಬಿತ್ತು. ಮುದುಕಿ ತನ್ನ ಬಳಗವನ್ನೆಲ್ಲ ಕರೆದು ಅದನ್ನು ಅಪ್ಪಿ ಮುಚ್ಚಿದಳು. ಆಮೇಲೆ ಕೇಳಿದಳು:

"ನಿಮ್ಮವರು ಕೈಕೈ ಹಿಡಿದು ನಿಲ್ಲುವವರು. ಕೈ ಬಿಟ್ಟವರು ತಾವಾಗಿಯೇ ಸಾಯುತ್ತಾರೆ. ನೀನು ಹೇಗೆ ಬದುಕಿದೆ?"

"ಸಾಯುವ ಕಟ್ಟಳೆಯನ್ನೇ ಅಳಿಸಿಹಾಕಿದೆ, ತಾಯಿ. ಯಕೃತ್ತಿಗೆ ಹೋಗಿ ನೆಲೆಸುತ್ತೇನೆ. ಒಬ್ಬನೇ ಸಾವಿರವಾಗುತ್ತೇನೆ."

"ಅಷ್ಟು ಮಂದಿಯನ್ನು ಹೊರಲಾರದೆ ಈ ಮೈ ಬಿದ್ದುಹೋದರೆ?"

"ಅದು ಮೈಯ ಚಿಂತೆ."

ಮುದುಕಿ ಬಿಡಿಸಿಕೊಳ್ಳಲು ನೋಡಿದಳು, ಅಂಟಿದ ಕೈ ಬಿಡಲಿಲ್ಲ. ಅಷ್ಟರಲ್ಲಿ ಕಾವಲಿನ ಬಿಳಿ ರಕ್ತಕಣ ಎದುರಾದ.

"ತಮ್ಮಾ, ಇಲ್ಲೊಬ್ಬ ಕೇಡಿಗನಿದ್ದಾನೆ, ಕೊಲ್ಲು!" ಎಂದು ಕೂಗಿದಳು.

ಕಾವಲುಗಾರ ಬಗ್ಗಿ ನೋಡಿದ. ಸುತ್ತಲೂ ಅವಳ ಬಳಗದ ಬೆನ್ನುಗಳೇ ಕಂಡವು.

"ಇಲ್ಲಿ ಎಲ್ಲರೂ ನಿಮ್ಮವರೇ ಇದ್ದಾರಲ್ಲಮ್ಮ," ಎಂದು ಕೈಮುಗಿದು ಮುಂದೆ ಹೋದ.