ಹೊಸ್ತಿಲು ಬಿದ್ದ ರಸ್ತೆ

“ಗುರುಗಳೇ, ಕೆಡವಿದ ಮನೆಗಳ ಕಲ್ಲನ್ನು ಪುಡಿ ಮಾಡಿ ರಸ್ತೆಗೆ ಹಾಕುತ್ತಿದ್ದಾರೆ. ಇದು ಸರಿಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಸರಿಯೇ. ಬೆಟ್ಟ ಒಡೆಯುವುದಕ್ಕಿಂತ ಮೇಲು. ಒಬ್ಬ ಗುತ್ತಿಗೆದಾರ ಹಾಗೆಯೇ ಮಾಡುತ್ತಿದ್ದ. ಹಳೆಯ ಕೇರಿಗಳನ್ನು ಕೆಡವಿ, ಆ ಕಲ್ಲು ಇಟ್ಟಿಗೆಯನ್ನೇ ಯಂತ್ರಕ್ಕೆ ಹಾಕಿ ಜಲ್ಲಿ ಮಾಡಿಸಿ, ಮೇಲೆ ಡಾಂಬರು ಸುರಿಸುತ್ತಿದ್ದ. ಕಸದಿಂದ ರಸ ತೆಗೆಯುವವನೆಂದು ಜನ ಹೊಗಳಿದರು. ಹೊಗಳಿದ್ದರಲ್ಲಿ ತಪ್ಪೇನಿಲ್ಲ.

ಒಂದು ಮನೆಯ ಮುದುಕಿ ಅವನನ್ನು ತಡೆದಳು. ಮನೆ ಬಿಡಲು ಅವಳದೇನೂ ತಕರಾರಿರಲಿಲ್ಲ. ಆ ಕಡೆ ಮನೆ ಬಿಡುವವರು ಹೊಸ್ತಿಲ ಕಲ್ಲನ್ನು ಪೂಜಿಸಿ, ಕಿತ್ತು, ಹೊಸ ಮನೆಗೆ ಒಯ್ಯುತ್ತಾರೆ.

“ಒಂದು ಗಳಿಗೆ ತಡಿಯಪ್ಪ. ಅರಿಶಿನ ಹಚ್ಚಿ ಎತ್ಕೊಂಡು ಹೋಗ್ತೀನಿ” ಎಂದಳು.

“ಕಲ್ಲು ಕಲ್ಲೇ ಅಜ್ಜಿ. ಎಲ್ಲಿದ್ರೇನು?” ಎಂದು ಅವನು ಯಂತ್ರದವನಿಗೆ ಕೈ ಬೀಸಿದ.

ಹೊಸ್ತಿಲೂ ಜಲ್ಲಿಯಾಯಿತು. ಮುದುಕಿ ಶಾಪ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು, ಶಾಪಕ್ಕೆ ವಿಮೋಚನೆಯಾದರೂ ಇರುತ್ತದೆ.

ರಸ್ತೆ ನುಣ್ಣಗೆ ಬಂತು. ಆದರೆ ಒಂದು ಜಾಗದಲ್ಲಿ ನಡೆಯುವವರೆಲ್ಲ, ಮನೆಯೊಳಗೆ ಕಾಲಿಡುವವರಂತೆ, ಬಲಗಾಲನ್ನು ತುಸು ಎತ್ತಿ ಇಡತೊಡಗಿದರು. ದಾಟಲು ಅಲ್ಲಿ ಏನೂ ಇರಲಿಲ್ಲ. ಗುತ್ತಿಗೆದಾರ ಎರಡು ಸಲ ಅಗೆಸಿ ಮಟ್ಟ ಮಾಡಿಸಿದ. ಆ ಊರಿಗೆ ಮೊದಲ ಸಲ ಬಂದ ಬಳೆಗಾರನೊಬ್ಬ ಅಲ್ಲಿ ಚಪ್ಪಲಿ ಕಳಚಿಟ್ಟು ಕಾಲೆತ್ತಿದ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಕೊನೆಗೆ ಗುತ್ತಿಗೆದಾರ ತಾನೇ ನಡೆದು ನೋಡಿದ. ಅವನೊಬ್ಬನ ಕಾಲು ಏಳಲಿಲ್ಲ. ಜನರದು ಬರೀ ಭ್ರಮೆ ಎಂದು ನಕ್ಕು ಮನೆಗೆ ಹೊರಟ.

ಹೆಂಡತಿ ಊಟಕ್ಕೆ ಎಲೆ ಹಾಕಿ ಕಾದಿದ್ದಳು. ಅವನು ಮುಂಬಾಗಿಲಲ್ಲಿ ಬಂದ, ನಡುಮನೆ ದಾಟಿದ, ಹಿತ್ತಿಲ ಬಾಗಿಲಿನಿಂದ ಹೊರಗೆ ನಡೆದ. ಅವಳು ಕೂಗಿ ಎಲ್ಲಿಗೆಂದು ಕೇಳಿದಳು.

“ಮನೆಗೆ” ಎಂದ, ತಿರುಗಿ ನೋಡದೆ.

ಹಿಂದಿನ ಮನೆಯವರೂ ಊಟಕ್ಕೆ ಕೂತಿದ್ದರು. ಅವರ ಎಲೆಗಳ ನಡುವೆಯೇ ಹಾದುಹೋದನಂತೆ. ಅದರಾಚೆಯ ಮನೆಯಲ್ಲೂ ಹಾಗೆಯೇ. ಅವನ ಕಾಲಿಗೆ ಲೋಕದಲ್ಲಿ ಹೊಸ್ತಿಲೆಂಬುದೇ ಸಿಗಲಿಲ್ಲ, ಎಲ್ಲವೂ ರಸ್ತೆಯಾಗಿತ್ತು. ಪಾಪ, ಅವನನ್ನು ನೆನೆದರೆ ನನಗೆ ಮರುಕವಾಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. “ಈಗ ಅವನೆಲ್ಲಿದ್ದಾನೆ?” ಎಂದು ಶಿಷ್ಯ ಕೇಳಿದ.

“ಆಗಲೇ ನಮ್ಮಿಬ್ಬರ ನಡುವೆ ಹಾದುಹೋದನಲ್ಲ, ನೀನೇ ಕಾಲು ಮಡಚಿ ದಾರಿ ಬಿಟ್ಟೆ.”