ರುದ್ರಕ್ಕನನ್ನು ಹೊಳೆಗಿಳಿಸಿದ್ದು

ಬೆಟ್ಟದ ಮೇಲೆ ಆಶ್ರಮ, ಕೆಳಗೆ ಹೊಳೆ. ನಡುವೆ ತಿರುವುಗಳ ಇಳಿಜಾರು.

ಆಶ್ರಮದಲ್ಲಿ ಕಾಯಿಲೆಯವರಿಗೆಂದು ಒಂದು ಮನೆಯಿತ್ತು, ಅವರನ್ನು ತರಲು, ಕಳಿಸಲು ಒಂದು ಹಳೆಯ ಜೀಪಿತ್ತು. ವರ್ಷಗಟ್ಟಲೆ ಅದನ್ನು ಓಡಿಸಿದವರು ಮರುಳಯ್ಯ ಗುರುಗಳೇ. ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಜೀಪಿನ ಕೀಲಿ ಶಿಷ್ಯ ತಿಪ್ಪೇಶನ ಕೈಗೆ ಬಂತು.

ಆ ಮನೆಯಲ್ಲಿ ರುದ್ರಕ್ಕ ಮಲಗಿದ್ದಳು. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ವೈದ್ಯರು ಇನ್ನೇನೂ ಮಾಡುವಂತಿಲ್ಲ ಎಂದಿದ್ದರು. ಅವಳಿಗೆ ಉಳಿದದ್ದು ಒಂದೇ ಆಸೆ. ಹೊಳೆದಂಡೆಯಲ್ಲಿರುವ ತಂಗಿಯ ಮನೆಗೆ ಹೋಗಬೇಕು, ಅಲ್ಲೇ ಕಣ್ಣು ಮುಚ್ಚಬೇಕು.

ತಿಪ್ಪೇಶ ಜೀಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿದ. ರುದ್ರಕ್ಕನನ್ನು ಮಲಗಿಸಿ ಹೊರಟ.

ಮೊದಲ ತಿರುವು ಬಂತು. ಬ್ರೇಕ್ ಒತ್ತಿ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ, ಕ್ಲಚ್ ಬಿಟ್ಟ. ಜೀಪು ಜಗ್ಗಿತು.

ರುದ್ರಕ್ಕ ಚೀರಿದಳು.

ಆ ಚೀರಾಟ ನಿಂತ ಮೇಲೆಯೂ ತಿಪ್ಪೇಶನ ಕಿವಿಯಲ್ಲಿ ನಿಲ್ಲಲಿಲ್ಲ. ಅವಳೇ ಉಸಿರು ಹಿಡಿದುಕೊಂಡು ಅಂದಳು: "ಏನಪ್ಪಾ, ನನ್ನ ಜರಡಿ ಹಿಡೀತಿದ್ದೀಯಾ?"

ತಿಪ್ಪೇಶ ತಿರುವಿನ ಅಗಲದಲ್ಲಿ ಜೀಪನ್ನು ತಿರುಗಿಸಿ, ಆದಷ್ಟು ಮೆಲ್ಲಗೆ ಆಶ್ರಮಕ್ಕೆ ತಂದ, ಗುರುಗಳ ಬಳಿಗೆ ಹೋದ.

"ಗುರುಗಳೇ, ನೀವು ಓಡಿಸುವಾಗ ಹಿಂದೆ ಮಲಗಿದವರು ಹೀಗೆ ಕೂಗಿದ್ದು ನಾನು ಕೇಳಿಲ್ಲ. ನೀವು ಗೇರ್ ಇಳಿಸ್ತಿರಲಿಲ್ವಾ?"

"ಇಳಿಸದೆ ಈ ಬೆಟ್ಟ ಇಳಿಯೋಕಾಗುತ್ತಾ?"

"ಮತ್ತೆ?"

"ನಿದ್ದೆಯಲ್ಲಿರೋರನ್ನ ನೀನು ಹೇಗೆ ಎಬ್ಬಿಸ್ತೀಯ?"

"ಹೆಸರು ಹಿಡಿದು ಕರೀತೀನಿ."

"ಜೀಪನ್ನ ಮಾತ್ರ ಜುಟ್ಟು ಹಿಡಿದು ಎಳೀತೀಯ."

ತಿಪ್ಪೇಶನಿಗೆ ಅರ್ಥವಾಗಲಿಲ್ಲ. ಗುರುಗಳು ಅವನನ್ನು ಆಶ್ರಮದ ಹಿಂದಿನ ಬಯಲಿಗೆ ಕರೆದೊಯ್ದು, ತಾವೇ ಸ್ಟೇರಿಂಗ್ ಹಿಡಿದರು. ಬಯಲು ಖಾಲಿ, ಕಣ್ಣು ಮಂಜಾದರೂ ಭಯವಿಲ್ಲ. "ನನ್ನ ಕಾಲು ನೋಡು" ಎಂದರು.

ಜೀಪು ವೇಗವಾಗಿ ಹೋಯಿತು. ಗುರುಗಳ ಬಲಗಾಲಿನ ಮುಂಭಾಗ ಬ್ರೇಕಿನ ಮೇಲೆ ಕೂತಿತು, ಎಡಗಾಲು ಕ್ಲಚ್ ಒತ್ತಿತು. ಆಗ ಆ ಬಲಗಾಲಿನದೇ ಹಿಮ್ಮಡಿ ಪಕ್ಕಕ್ಕೆ ಹೊರಳಿ ಆಕ್ಸಿಲರೇಟರನ್ನು ಒಮ್ಮೆ ಮುಟ್ಟಿ ಬಂತು. ಎಂಜಿನ್ ಒಂದು ಕ್ಷಣ ದನಿಯೆತ್ತಿತು. ಗೇರು ಬಿತ್ತು, ಕ್ಲಚ್ ಮೇಲೆ ಬಂತು.

ಏನೂ ಆಗಲಿಲ್ಲ. ಜಗ್ಗಲಿಲ್ಲ, ಮುಗ್ಗರಿಸಲಿಲ್ಲ. ವೇಗ ಮಾತ್ರ ಸಂಜೆಯ ಬೆಳಕಿನ ಹಾಗೆ ಇಳಿಯಿತು.

ತಿಪ್ಪೇಶನ ಮೈ ಜುಮ್ಮೆಂದಿತು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದ, ಒಮ್ಮೆಯೂ ಕಂಡಿರಲಿಲ್ಲ.

"ಬ್ರೇಕ್ ಒತ್ತಿದಾಗ ಎಂಜಿನ್ ಮಂದವಾಗಿರುತ್ತೆ" ಎಂದರು ಗುರುಗಳು. "ಕೆಳಗಿನ ಗೇರಿಗೆ ಅದು ಜೋರಾಗಿ ತಿರುಗಬೇಕು. ಹಾಗೇ ಕ್ಲಚ್ ಬಿಟ್ರೆ ಚಕ್ರ ಅದನ್ನ ಎಳೆದು ಎಬ್ಬಿಸುತ್ತೆ. ಆ ಎಳೆತ ಹೋಗಿ ರುದ್ರಕ್ಕನ ಬೆನ್ನಲ್ಲಿ ನಿಲ್ಲುತ್ತೆ. ಅದಕ್ಕೇ ಮೊದಲು ಕರೀಬೇಕು."

"ಪೆಡಲ್ ಮೂರು, ಕಾಲು ಎರಡೇ ಅಲ್ವಾ ಗುರುಗಳೇ?"

"ಹಿಮ್ಮಡಿಗೆ ಇಷ್ಟು ದಿನ ಬಿಟ್ಟಿ ಊಟ ಹಾಕಿದ್ದೀಯ. ದುಡಿಸು."

ತಿಪ್ಪೇಶ ದುಡಿಸಿದ. ಬರಲಿಲ್ಲ. ಹಿಮ್ಮಡಿ ಒತ್ತಿದಾಗಲೆಲ್ಲ ಬೆರಳುಗಳೂ ಒತ್ತುತ್ತಿದ್ದವು. ಬ್ರೇಕ್ ಗಕ್ಕನೆ ಹಿಡಿದು ಜೀಪು ತಲೆಬಾಗುತ್ತಿತ್ತು. ಮೊದಲು ಜಗ್ಗುತ್ತಿದ್ದದ್ದು ಈಗ ಮುಗ್ಗರಿಸತೊಡಗಿತು.

ಬೆಳಗಾದರೆ ರುದ್ರಕ್ಕ ಕೇಳುತ್ತಿದ್ದಳು: "ನನ್ನ ಸಾರಥಿ ಪಾಸಾದನಾ?"

"ಇನ್ನೂ ಇಲ್ಲ ಅಕ್ಕ."

"ಬೇಗ ಪಾಸಾಗಪ್ಪ. ಪರೀಕ್ಷೆ ನಿಂದಾದ್ರೂ ಗಂಟೆ ಹೊಡೆಯೋದು ನಂಗೆ."

ನಗುವಾಗ ಅವಳು ಹಾಸಿಗೆಯ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು. ದಿನದಿನಕ್ಕೆ ಆ ಹಿಡಿತ ಸಡಿಲವಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಕೇಳಲಿಲ್ಲ. ಕಣ್ಣು ತೆರೆದು ಅವನನ್ನು ನೋಡಿದಳು, ಅಷ್ಟೇ.

ತಿಪ್ಪೇಶ ಗುರುಗಳ ಮುಂದೆ ಹೋಗಿ ನಿಂತ. "ನನ್ನಿಂದ ಆಗಲ್ಲ ಗುರುಗಳೇ. ನನ್ನ ಪಾದ ಒಂದೇ ತುಂಡು."

ಗುರುಗಳು ಎದ್ದು ಜೀಪಿನ ಬಳಿಗೆ ನಡೆದರು. ಅವನನ್ನು ಸೀಟಿನಲ್ಲಿ ಕೂರಿಸಿ, ತಾವು ಬಾಗಿಲ ಬಳಿ ನೆಲದ ಮೇಲೆ ಕೂತರು. ಒಳಗೆ ಕೈ ಚಾಚಿ, ಬ್ರೇಕ್ ಪೆಡಲಿನ ಮೇಲೆ ಅಂಗೈ ಮೇಲಾಗಿ ಇಟ್ಟರು.

"ಪಾದ ಇಡು."

ತಿಪ್ಪೇಶ ಕಾಲನ್ನು ಹಿಂದಕ್ಕೆ ಸೆಳೆದುಕೊಂಡ. "ನಿಮ್ಮ ಕೈ ಮೇಲಾ?"

"ಕಬ್ಬಿಣ ನಿನಗೆ ಹೇಳ್ತಾ ಇಲ್ಲ. ಕೈ ಹೇಳುತ್ತೆ. ಇಡು."

"ಗುರುಗಳ ಕೈ ತುಳಿದರೆ ನರಕಕ್ಕೆ ಹೋಗ್ತೀನಿ."

"ಹೋಗುವಾಗ ಗೇರ್ ಸರಿಯಾಗಿ ಇಳಿಸು. ಅದೂ ಇಳಿಜಾರೇ."

ನಗು ಬರಲಿಲ್ಲ. ಕಾಯಿಲೆಯವರ ಮನೆಯ ಕಿಟಕಿ ತೆರೆದಿತ್ತು. ತಿಪ್ಪೇಶ ಕಣ್ಣು ಮುಚ್ಚಿ ಬರಿಗಾಲನ್ನು ಗುರುಗಳ ಅಂಗೈಯ ಮೇಲಿಟ್ಟ. ಕೈ ಬೆಚ್ಚಗಿತ್ತು.

"ಒತ್ತು. ಇನ್ನಷ್ಟು. ಸಾಕು. ಈಗ ಬೆರಳು ಹೀಗೇ ಇರಲಿ, ಹಿಮ್ಮಡಿ ಹೋಗಿ ಬರಲಿ."

ಹಿಮ್ಮಡಿ ಹೋಯಿತು, ಬೆರಳೂ ಹೋಯಿತು. ಗುರುಗಳ ಗೆಣ್ಣುಗಳು ಕಬ್ಬಿಣಕ್ಕೆ ಒತ್ತಿ ಬಿಳಿಚಿದವು. ಅವರು ಕೈ ತೆಗೆಯಲಿಲ್ಲ.

"ಇನ್ನೊಮ್ಮೆ" ಎಂದರು.

ಮತ್ತೆ ನೋಯಿಸಿದ. ಮತ್ತೆ "ಇನ್ನೊಮ್ಮೆ".

ತಿಪ್ಪೇಶನ ಕಣ್ಣಿಂದ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅವನ ಗಮನವೆಲ್ಲ ಕಾಲಡಿಯ ಆ ಸಣ್ಣ ಎಲುಬುಗಳ ಮೇಲಿತ್ತು. ಹೊತ್ತು ಏರುತ್ತಾ ಹೋಯಿತು. ಯಾವ ಸಲವೆಂದು ಅವನಿಗೂ ತಿಳಿಯದು, ಹಿಮ್ಮಡಿ ಒಂದೇ ಹೋಗಿ ಬಂತು. ಬೆರಳುಗಳು ಇಟ್ಟಲ್ಲೇ ಇದ್ದವು. ಒಂದೇ ಪಾದ, ಒಂದು ಕಡೆ ತಡೆಯುತ್ತಿತ್ತು, ಇನ್ನೊಂದು ಕಡೆ ಕರೆಯುತ್ತಿತ್ತು.

ಅವನು ತನ್ನ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಕೆಳಗಿಳಿದು ಅಡ್ಡಬಿದ್ದ. ಗುರುಗಳ ಅಂಗೈಯ ಹಿಂಬದಿಯಲ್ಲಿ ಪೆಡಲಿನ ಗೀರುಗಳು ಕೆಂಪಗೆ ಮೂಡಿದ್ದವು.

"ಏಳು, ಏಳು. ಎಂಜಿನ್ ಆಯಿಲ್ ನೋಡು, ರೇಡಿಯೇಟರ್‌ಗೆ ನೀರು ಹಾಕು. ಬಯಲಲ್ಲಿ ಓಡಿಸಿ ಕಾಲಿಗೆ ರೂಢಿ ಮಾಡು. ನಾಳೆ ಇಳಿಯೋಣ."

ಮರುದಿನ ಬೆಳಿಗ್ಗೆ ಹೊರಟರು. ಗುರುಗಳು ಹಿಂದೆ ರುದ್ರಕ್ಕನ ತಲೆಯ ಬಳಿ ಕೂತರು.

ಮೊದಲ ತಿರುವು. ತಿಪ್ಪೇಶನ ಬೆರಳು ನಿಂತಿತು, ಹಿಮ್ಮಡಿ ಕರೆಯಿತು, ಎಂಜಿನ್ ಓಗೊಟ್ಟಿತು. ಕ್ಲಚ್ ಮೇಲೆ ಬಂತು.

ಹಿಂದಿನಿಂದ ಸದ್ದಿಲ್ಲ.

ಇನ್ನೊಂದು ತಿರುವು, ಮತ್ತೊಂದು. ಬಂಡೆಗಳು ಸರಿದವು, ಕಣಿವೆ ತೆರೆದು ಮುಚ್ಚಿತು. ಇಂಥ ಭಾರದ ಕಬ್ಬಿಣ ಇಷ್ಟು ಮೆತ್ತಗೆ ಮಾತು ಕೇಳಬಲ್ಲದೆಂದು ಅವನು ಎಂದೂ ಅಂದುಕೊಂಡಿರಲಿಲ್ಲ. ತಾನು ಓಡಿಸುತ್ತಿದ್ದೇನೋ, ಬೆಟ್ಟವೇ ತಮ್ಮನ್ನು ಕೈಯಿಂದ ಕೈಗೆ ದಾಟಿಸುತ್ತಿದೆಯೋ ತಿಳಿಯದಾಯಿತು.

ಹೊಳೆದಂಡೆಯ ಮನೆಯ ಮುಂದೆ ಜೀಪು ನಿಂತಿತು. ತಂಗಿ ಓಡಿ ಬಂದಳು.

ರುದ್ರಕ್ಕ ನಿದ್ದೆಯಿಂದ ಕಣ್ಣು ತೆರೆದಳು. "ಯಾಕಪ್ಪಾ ತಿಪ್ಪೇಶ, ಇನ್ನೂ ಹೊರಟಿಲ್ವಾ?"

"ಬಂದ್ವಿ ಅಕ್ಕ."

"ಸುಳ್ಳು."

"ಕೇಳಿ ನೋಡಿ."

ಅವಳು ಕಿವಿಗೊಟ್ಟಳು. ಹೊಳೆ ಹರಿಯುತ್ತಿತ್ತು. ಅವಳ ಮುಖ ಮೆಲ್ಲಗೆ ಅರಳಿತು. ತಿಪ್ಪೇಶ ತಲೆತಗ್ಗಿಸಿ ನಿಂತ.

ಅವಳನ್ನು ಒಳಗೆ ಮಲಗಿಸಿ, ತಂಗಿ ಕೊಟ್ಟ ಮಜ್ಜಿಗೆ ಕುಡಿದು ಇಬ್ಬರೂ ಮರಳಿದರು. ಗುರುಗಳು ಈಗ ಮುಂದೆ, ಅವನ ಪಕ್ಕದಲ್ಲಿದ್ದರು.

ತಿಪ್ಪೇಶನ ಮನಸ್ಸು ಹಗುರಾಗಿತ್ತು. ಮೊದಲ ತಿರುವಿಗೆ ಬ್ರೇಕ್ ಒತ್ತಿ ಗೇರ್ ಇಳಿಸಿದ, ಕ್ಲಚ್ ಹಾಗೇ ಬಿಟ್ಟ. ಜೀಪು ಜಗ್ಗಿತು.

"ನಿಲ್ಲಿಸು" ಎಂದರು ಗುರುಗಳು.

ನಿಲ್ಲಿಸಿದ. "ಹಿಂದೆ ಯಾರೂ ಇಲ್ಲವಲ್ಲ ಗುರುಗಳೇ, ಅದಕ್ಕೇ..."

ಗುರುಗಳು ಇಳಿದು ಹಿಂದಕ್ಕೆ ಹೋದರು. ಜೀಪು ಹತ್ತಿ ಹಾಸಿಗೆಯ ಮೇಲೆ ಮಲಗಿ ಕಣ್ಣು ಮುಚ್ಚಿದರು.

ತಿಪ್ಪೇಶ ಗಾಬರಿಯಾದ. "ಯಾಕೆ, ಹುಷಾರಿಲ್ವಾ ಗುರುಗಳೇ?"

"ಹುಷಾರಾಗೇ ಇದ್ದೀನಿ. ಹುಷಾರಾಗಿರೋರಿಗೂ ಮೈ ಅನ್ನೋದು ಇರುತ್ತಪ್ಪ. ನಡಿ."